ಅತ್ತೆ, ಸೊಸೆ ಮತ್ತು ಒಂಬತ್ತು ಕಿಲೋಮೀಟರ್ ತಂತಿ

ಟೇಪಕ್ಕನಿಗೆ ಆ ಹೆಸರು ಬಂದದ್ದು ವಿದ್ಯುತ್ ಪ್ರಸರಣ ಕಚೇರಿಗೆ ಸೇರಿದ ಮೇಲಲ್ಲ. ಅದಕ್ಕೂ ಎಷ್ಟೋ ಮೊದಲು, ಅಪ್ಪನ ಹೊಲಿಗೆ ಅಂಗಡಿಯಲ್ಲಿ, ಏಳನೆಯ ವಯಸ್ಸಿಗೇ ಅವಳ ಕೊರಳಿಗೆ ಅಳತೆಪಟ್ಟಿ ಬಿದ್ದಿತ್ತು. ಅಪ್ಪ ಬಟ್ಟೆ ಕತ್ತರಿಸುವಾಗ ಇವಳು ಸ್ಟೂಲಿನ ಮೇಲೆ ನಿಂತು ಗಿರಾಕಿಗಳ ಭುಜ, ತೋಳು, ಸೊಂಟ ಅಳೆಯುತ್ತಿದ್ದಳು. ಮೊದಮೊದಲು ಅಳತೆಯನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದಳು. ಒಮ್ಮೆ ಎದುರುಗಡೆ ಔಷಧಿ ಅಂಗಡಿಯವರ ಸೊಂಟದ ಸುತ್ತಳತೆ ಅರ್ಧ ಬೀದಿಗೆ ಕೇಳಿಸಿ, ಅವರು ಅಳತೆಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದರು. ಆ ಸಂಜೆ ಅಪ್ಪ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು:

“ನೋಡು ಮಗಳೇ, ಟೇಪು ಸುಳ್ಳು ಹೇಳಬಾರದು, ಸರಿ. ಹಾಗಂತ ಊರಿಗೆಲ್ಲ ಕೇಳೋ ಹಾಗೆ ನಿಜ ಹೇಳೋದೂ ಬೇಡ. ಅಳತೆ ತಗೋ, ಚೀಟೀಲಿ ಬರ್ಕೋ, ಬಾಯಿ ಮುಚ್ಕೋ.”

ಮುಂದೆ ಅವಳು ನೆಲದ ಅಳತೆ ಕಲಿತು ಸರ್ವೇಯರ್ ಆದಳು. ಮನುಷ್ಯರ ಸೊಂಟಕ್ಕಿಂತ ಗುಡ್ಡಗಳ ಸೊಂಟ ಅಳೆಯುವುದು ಸಲೀಸು, ಗುಡ್ಡಗಳಿಗೆ ಬೇಜಾರಾಗುವುದಿಲ್ಲ ಎಂದು ಹೇಳುತ್ತಿದ್ದಳು. ಎಲ್ಲಿಯಾದರೂ ಹೊಸ ವಿದ್ಯುತ್ ಮಾರ್ಗ ಬರುವುದಿದ್ದರೆ ಟವರಿಗಿಂತ ಮೊದಲು, ತಂತಿಗಿಂತ ಮೊದಲು, ಆ ದಾರಿಯಲ್ಲಿ ಕಾಲಿಡುವವಳು ಅವಳೇ. ವರ್ಷಕ್ಕೆ ಎರಡು ಜೊತೆ ಬೂಟು ಸವೆಯುತ್ತಿದ್ದವು. ಕಚೇರಿಯವರು ಬೆಳಕಿನ ಕಿರಣದಿಂದ ಅಳೆಯುವ ಯಂತ್ರ ಕೊಟ್ಟಿದ್ದರೂ ಕೊರಳಲ್ಲಿ ಅಪ್ಪನ ಬಟ್ಟೆಯ ಪಟ್ಟಿ ನೇತಾಡುತ್ತಲೇ ಇತ್ತು.

ಮದುವೆಯೂ ಅಳತೆಯ ದೆಸೆಯಿಂದಲೇ ಆಯಿತು. ಒಂದು ಬೀದಿಯನ್ನು ಅಳೆಯುವಾಗ ಅಲ್ಲಿನ ಬೇಕರಿಯವನಿಗೆ ರೊಟ್ಟಿ ಗಾಡಿ ಸರಿಸಲು ಹೇಳಿದಳು. ಗಾಡಿ ಮತ್ತೆ ಅಡ್ಡ ಬಂತು, ಮತ್ತೆ ಹೇಳಿದಳು. ಮೂರು ಸಲ ಸರಿಸಿದವನು ನಾಲ್ಕನೆಯ ಸಲ ಅವಳ ಹೆಸರು ಕೇಳಿದ. ಆಮೇಲೆ ಗೊತ್ತಾಯಿತು, ಎರಡನೆಯ ಸಲದಿಂದ ಗಾಡಿಯನ್ನು ಬೇಕೆಂತಲೇ ಅಡ್ಡ ತರುತ್ತಿದ್ದನಂತೆ.

ಬೇಕರಿಯವನ ತಾಯಿ ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಬೀದಿಗೆಲ್ಲ ಅವರು ಕಂಡಕ್ಟರಮ್ಮ. ಕೊನೆಯ ಸೀಟಿನವರೆಗೆ ತಲುಪುವ ದನಿ. ಮನೆಗೆ ನಾಲ್ಕು ಜನ ಬಂದರೆ ಸಾಕು, “ಬಾಗಿಲ ಹತ್ರ ನಿಲ್ಲಬೇಡಿ, ಒಳಗೆ ಜಾಗ ಇದೆ, ಮುಂದೆ ಹೋಗಿ” ಅನ್ನುತ್ತಿದ್ದರು. ಅತ್ತೆ ಸೊಸೆ ಅಂದಮೇಲೆ ಎಣ್ಣೆ ಸೀಗೆಕಾಯಿ ತಾನೇ, ತಮಾಷೆ ನೋಡೋಣ ಎಂದು ನೆಂಟರು ಕಾದರು. ಕಾದದ್ದೇ ಬಂತು. ಇಬ್ಬರೂ ನಿಂತು, ನಡೆದು ದುಡಿದ ಹೆಂಗಸರು. ಸಂಜೆ ಹಿತ್ತಲ ಕಟ್ಟೆಯ ಮೇಲೆ ಎರಡು ಬಕೆಟ್ ಬಿಸಿನೀರು ಇಟ್ಟುಕೊಂಡು, ಕಾಲು ಇಳಿಬಿಟ್ಟು, ಅಕ್ಕಪಕ್ಕ ಕೂತು ಊರಿನವರ ಸುದ್ದಿಯನ್ನೆಲ್ಲ ಮುಗಿಸಿಯೇ ಏಳುತ್ತಿದ್ದರು.

ಆ ಹಿತ್ತಲಿನ ಆಚೆಗೆ ಬೀದಿಯ ಇಪ್ಪತ್ತೆರಡು ಮನೆಗಳಿಗೂ ಒಂದೊಂದು ಪಟ್ಟಿ ತರಕಾರಿ ಜಾಗವಿತ್ತು. ನಾಲ್ಕನೆಯದು ಕಂಡಕ್ಟರಮ್ಮನದು. ಅವರು ಅಲ್ಲಿ ಕುಂಬಳಕಾಯಿ ಬೆಳೆಯುತ್ತಿದ್ದರು. ಒಂದೊಂದು ಕಾಯಿಯನ್ನು ಎತ್ತಲು ಬೇಕರಿಯವನು ಅಂಗಡಿಯಿಂದ ಮೈದಾ ಚೀಲದ ಕೈಗಾಡಿ ತರಬೇಕಾಗುತ್ತಿತ್ತು. ತರಕಾರಿ ಜಾಗದ ಅಂಚಿಗೆ ಕಾಲುವೆ. ಕಾಲುವೆಯ ದಡದುದ್ದಕ್ಕೆ ನಲವತ್ತು ವರ್ಷದ ಹಳೆಯ ವಿದ್ಯುತ್ ಟವರುಗಳ ಸಾಲು.

ಟೇಪಕ್ಕನಿಗೆ ನಲವತ್ತೊಂದು ತುಂಬಿದ ವರ್ಷ ಅವಳನ್ನು ಗಾಳಿಗುಡ್ಡಕ್ಕೆ ಕಳಿಸಿದರು. ಅಲ್ಲಿಂದ ಪಟ್ಟಣಕ್ಕೆ ಅರವತ್ತನಾಲ್ಕು ಕಿಲೋಮೀಟರ್ ಹೊಸ ಮಾರ್ಗ ಹಾಕುವುದಿತ್ತು. ಗುಡ್ಡದ ನೆತ್ತಿಯ ಮೇಲೆ ನಲವತ್ತು ಗಾಳಿಯಂತ್ರಗಳು. ಕೂದಲು, ಸೆರಗು, ಕಾಗದ ಯಾವುದೂ ಕೈಗೆ ಸಿಗದಂಥ ಗಾಳಿ. ಆದರೆ ಹದಿನೇಳು ಯಂತ್ರಗಳು ರೆಕ್ಕೆ ಮಡಚಿದಂತೆ ಸುಮ್ಮನೆ ನಿಂತಿದ್ದವು.

“ಕೆಟ್ಟಿದ್ಯಾ?” ಎಂದು ಅಲ್ಲಿನ ಮೆಕ್ಯಾನಿಕ್‌ನನ್ನು ಕೇಳಿದಳು.

ದಪ್ಪ ದೇಹದ ಆ ಮನುಷ್ಯ ಎರಡೂ ಕೈಯಿಂದ ಟೋಪಿ ಹಿಡಿದುಕೊಂಡೇ ಉತ್ತರ ಕೊಟ್ಟ. “ಕೆಡೋದಕ್ಕೆ ಏನಾಗಿದೆ, ಕಲ್ಲುಗುಂಡಿನ ಹಾಗಿದಾವೆ. ಇಲ್ಲಿಂದ ಹೋಗೋ ತಂತಿ ಒಂದೇ, ಅದು ತುಂಬಿಹೋಗಿದೆ. ಗಾಳಿ ಜೋರಾದ ಕೂಡಲೇ ಕಂಟ್ರೋಲ್ ರೂಮಿಂದ ಫೋನ್ ಬರುತ್ತೆ, ನಿಲ್ಲಿಸಿ ಅಂತಾರೆ, ನಿಲ್ಲಿಸ್ತೀವಿ. ಅಡುಗೆ ಆಗಿದೆ ಅಕ್ಕಾ, ಬಡಿಸೋಕೆ ಸೌಟಿಲ್ಲ.”

“ಎಷ್ಟು ದಿನದಿಂದ ಹೀಗೆ?”

“ನನಗೆ ಮದುವೆ ಆಗೋಕೆ ಮುಂಚಿಂದ. ಈಗ ಮಗಳು ನಾಲ್ಕನೇ ಕ್ಲಾಸು.”

ಆ ಮಾತು ಟೇಪಕ್ಕನ ತಲೆಯಲ್ಲಿ ಉಳಿದುಬಿಟ್ಟಿತು. ಇಷ್ಟು ವರ್ಷ ಅವಳಿಗೆ ಮಾರ್ಗವೆಂದರೆ ಒಂದು ಕಾಗದದಿಂದ ಇನ್ನೊಂದು ಕಾಗದಕ್ಕೆ ಹೋಗುವ ಗೆರೆಯಾಗಿತ್ತು. ಈ ಸಲ ಅವಳು ಹಸಿದವರ ಮನೆಗೆ ಊಟ ಹೊತ್ತು ಹೋಗುವವಳಂತೆ ನಡೆದಳು. ಐವತ್ತೈದು ಕಿಲೋಮೀಟರ್ ಬೋಳು ಗುಡ್ಡ, ಕುರುಚಲು ಕಾಡು, ಕಲ್ಲುಬಯಲು. ತಕರಾರು ಮಾಡುವವರೇ ಇಲ್ಲ. ಉಳಿದ ಒಂಬತ್ತು ಕಿಲೋಮೀಟರ್ ಪಟ್ಟಣದ ಅಂಚು. ಒಂದು ಬದಿಗೆ ಆಸ್ಪತ್ರೆ, ಇನ್ನೊಂದು ಬದಿಗೆ ಕಲ್ಲು ಕ್ವಾರಿ, ಅದರಾಚೆ ಶಾಲೆ. ನಡುವೆ ಟವರಿಗೆ ಕಾಲೂರಲು ಸಿಗುವ ಖಾಲಿ ಜಾಗ ಒಂದೇ. ಅದು ಯಾವುದೆಂದು ನಕ್ಷೆಯ ಮೇಲೆ ಕಂಡಾಗ ಅವಳು ಚಹಾ ಲೋಟವನ್ನು ಕೆಳಗಿಟ್ಟಳು. ಮತ್ತೆ ಲೆಕ್ಕ ಹಾಕಿದಳು. ಮರುದಿನ ಯಂತ್ರ ಹೊತ್ತು ಹೋಗಿ ಮೂರು ಸಲ ಅಳೆದಳು. ಮೂರು ಸಲವೂ ಅದೇ ಉತ್ತರ: ನೂರ ಎಪ್ಪತ್ತೊಂದನೇ ಟವರಿನ ನಾಲ್ಕು ಕಾಲುಗಳಲ್ಲಿ ಎರಡು, ಅತ್ತೆಯ ಕುಂಬಳದ ಬಳ್ಳಿಯ ಮೇಲೆ.

ಅವಳು ನೇರ ಮುಖ್ಯ ಎಂಜಿನಿಯರ್ ಬಳಿಗೆ ಹೋದಳು. ಯಾವ ಕಡತ ಕೊಟ್ಟರೂ “ನಾಳೆ ನೋಡೋಣ” ಅನ್ನುತ್ತಿದ್ದರಿಂದ ಅವರಿಗೆ ಕಚೇರಿಯಲ್ಲಿ ನಾಳೆ ಸಾಹೇಬರು ಎಂದೇ ಹೆಸರು.

“ಸರ್, ಅದು ನಮ್ಮತ್ತೆ ಜಾಗ. ದಾರಿ ತೀರ್ಮಾನ ಮಾಡೋ ಕೆಲಸದಿಂದ ನನ್ನನ್ನ ಬಿಟ್ಟುಬಿಡಿ.”

ನಾಳೆ ಸಾಹೇಬರು ಜೀವಮಾನದಲ್ಲಿ ಮೊದಲ ಬಾರಿಗೆ ಅವತ್ತಿನ ಕೆಲಸ ಅವತ್ತೇ ಮಾಡಿದರು. ತೀರ್ಮಾನದ ಕಡತ ಬೇರೆಯವರ ಮೇಜಿಗೆ ಹೋಯಿತು. “ಆದ್ರೆ ಅಳತೆ ನಿಮ್ಮದು. ಸಭೇಲಿ ಅಳತೆ ಬಗ್ಗೆ ಕೇಳಿದ್ರೆ ನೀವೇ ಉತ್ತರ ಕೊಡಬೇಕು. ಮತ್ತೆ, ನೋಟಿಸ್ ಎಲ್ಲರಿಗೂ ಒಟ್ಟಿಗೆ ಹೋಗುತ್ತೆ. ಅಲ್ಲೀವರೆಗೆ ಮನೇಲಿ ಒಂದು ಮಾತೂ ಆಡಬೇಡಿ.”

ನೋಟಿಸ್ ಹೋಗಲು ಹದಿನೆಂಟು ದಿನ ಹಿಡಿಯಿತು. ಬಾಯಿ ಮುಚ್ಚಿಕೊಂಡಿರುವುದು ಅಪ್ಪ ಕಲಿಸಿದ ವಿದ್ಯೆಯೇ. ಆದರೆ ದಿನಾ ಸಂಜೆ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂರುವ ಅತ್ತೆಯ ಮುಂದೆ ಅದು ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಹತ್ತನೆಯ ದಿನ ಕಂಡಕ್ಟರಮ್ಮ ಸೊಸೆಯನ್ನು ಓರೆಗಣ್ಣಿನಿಂದ ನೋಡಿದರು.

“ಏನೇ, ನಿನ್ನ ಮುಖ ಟಿಕೆಟ್ ಇಲ್ಲದ ಪ್ಯಾಸೆಂಜರ್ ಮುಖದ ಹಾಗಿದೆ.”

“ಏನಿಲ್ಲತ್ತೆ, ತಲೆನೋವು.”

“ಮೂವತ್ತನಾಲ್ಕು ವರ್ಷ ಆ ಮುಖ ನೋಡಿದೀನಿ. ತಲೆನೋವಿನ ಮುಖ ಬೇರೆ.” ಬಕೆಟಿನಿಂದ ಕಾಲು ತೆಗೆದು ಒರೆಸಿಕೊಂಡರು. ಮುಂದೆ ಕೇಳಲಿಲ್ಲ.

ನೋಟಿಸ್ ಬಂದ ದಿನ ಟೇಪಕ್ಕ ಮನೆಗೆ ಬಂದಾಗ ಕಾಗದ ಊಟದ ಮೇಜಿನ ಮೇಲಿತ್ತು, ಅದರ ಮೇಲೆ ಕನ್ನಡಕ, ಎದುರಿಗೆ ಅತ್ತೆ. ಬೇಕರಿಯವನು ಒಲೆಯ ಮುಂದೆ ನಿಂತು, ಕುದಿಯುವ ಅಗತ್ಯವೇ ಇಲ್ಲದ ನೀರನ್ನು ಕುದಿಸುತ್ತಿದ್ದ. ಟೇಪಕ್ಕ ಬಾಗಿಲಲ್ಲೇ ನಿಂತಳು. ಅತ್ತೆ ಕೂಗಾಡಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

“ನಿನಗೆ ಮೊದಲೇ ಗೊತ್ತಿತ್ತು,” ಅಂದರು ಕಂಡಕ್ಟರಮ್ಮ.

“ಗೊತ್ತಿತ್ತು. ಹೇಳೋ ಹಾಗಿರಲಿಲ್ಲ.”

“ಹೇಳಿದ್ರೆ ನೌಕರಿಗೆ ದ್ರೋಹ, ಹೇಳದೇ ಇದ್ರೆ ಅತ್ತೆಗೆ. ಕಷ್ಟವೇ.” ಕನ್ನಡಕ ಎತ್ತಿ ಹಾಕಿಕೊಂಡರು. “ಕೇಳು. ನಾನು ಇದನ್ನ ವಿರೋಧ ಮಾಡ್ತೀನಿ, ಗಟ್ಟಿಯಾಗೇ ಮಾಡ್ತೀನಿ. ಅದಕ್ಕೆ ಒಂದು ಕರಾರು. ಹೊಸ್ತಿಲ ಒಳಗೆ ನೀನು ಸೊಸೆ, ಹೊಸ್ತಿಲು ದಾಟಿದ್ರೆ ಇಲಾಖೆ. ಟವರ್ ಮಾತು ಮನೇಲಿ ಬರಬಾರದು, ಮನೆ ಮಾತು ಸಭೇಲಿ ಬರಬಾರದು. ಒಪ್ಪಿಗೆನಾ?”

ಟೇಪಕ್ಕ ಒಪ್ಪಿದಳು. ಬೇಕರಿಯವನು ಆಗ ಮಾತ್ರ ಒಲೆ ಆರಿಸಿದ.

ಸಭೆ ನಡೆದದ್ದು ಶಾಲೆಯ ದೊಡ್ಡ ಕೋಣೆಯಲ್ಲಿ, ಮಕ್ಕಳ ಬೆಂಚುಗಳ ಮೇಲೆ. ಇಪ್ಪತ್ತೆರಡು ಮನೆಯ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಗೋಡೆಯ ನಕ್ಷೆಯ ಮೇಲೆ ಕೆಂಪು ಗೆರೆ. ಮೂಲೆಮನೆಯ ಬಣ್ಣದ ಮೇಸ್ತ್ರಿ ಎದ್ದು, “ಯಾರ್ರೀ ಈ ಗೆರೆಗೆ ಅಳತೆ ಕೊಟ್ಟದ್ದು?” ಎಂದು ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟೇಪಕ್ಕನ ಕೈ ತಾನಾಗಿ ಕೊರಳಿನ ಪಟ್ಟಿಗೆ ಹೋಯಿತು. ಅವಳ ಪಾಲಿಗೆ ಕುಂಬಳಕಾಯಿಯೂ ನಿಜವಾದದ್ದೇ.

“ನಾನೇ,” ಅಂದಳು.

“ಓಹೋ. ಕಂಡಕ್ಟರಮ್ಮ ಹಾವಿಗೆ ಹಾಲೆರೆದು ಸಾಕಿದ್ದಾರೆ ಅನ್ನಿ.”

ಮೂರನೆಯ ಸಾಲಿನಿಂದ ಆ ದನಿ ಎದ್ದಿತು. “ಮೇಸ್ತ್ರಿಗಳೇ, ಅವರು ಅಳತೆ ತಗೊಂಡಿದ್ದಾರೆ, ನಿಮ್ಮ ಮನೆ ತಗೊಂಡಿಲ್ಲ. ಪ್ರಶ್ನೆ ಇದ್ರೆ ಕೇಳಿ, ಇಲ್ದಿದ್ರೆ ಸೀಟಲ್ಲಿ ಕೂತ್ಕೊಳ್ಳಿ. ಹಿಂದಿನವರಿಗೆ ಕಾಣಿಸ್ತಿಲ್ಲ.” ಮೇಸ್ತ್ರಿ ಕೂತ. ಕಂಡಕ್ಟರಮ್ಮ ನಿಂತೇ ಇದ್ದರು. “ನಂದೊಂದು ಪ್ರಶ್ನೆ, ಎಂಜಿನಿಯರ್ ಸಾಹೇಬರಿಗೆ. ಗುಡ್ಡದ ಕರೆಂಟು ನಮಗೆ ಬೇಡ ಅಂತ ನಾನು ಹೇಳ್ತಿಲ್ಲ. ಕಲ್ಲಿದ್ದಲು ಕರೆಂಟಿನ ಹೊಗೆ ಕುಡಿದು ಬದುಕೋದು ಯಾರಿಗೂ ಇಷ್ಟ ಇಲ್ಲ. ಆದ್ರೆ ನಾನು ಕೆಲಸಕ್ಕೆ ಸೇರಿದಾಗ ಏಳನೇ ನಂಬರ್ ಬಸ್ಸು ನಲವತ್ತು ಸೀಟಿಂದು. ಜನ ಬಾಗಿಲಿಗೆ ನೇತಾಡೋರು. ಕಂಪನಿಯವರು ಏನು ಮಾಡಿದ್ರು? ಹೊಸ ರಸ್ತೆ ಮಾಡಲಿಲ್ಲ. ಅದೇ ರಸ್ತೇಲಿ ಎರಡು ಬಸ್ಸಿನಷ್ಟು ಉದ್ದದ ಬಸ್ಸು ಬಿಟ್ರು. ಕಾಲುವೆ ಪಕ್ಕ ಹಳೇ ಟವರ್ ಸಾಲೇ ಇದೆಯಲ್ಲ. ಅದರ ಮೇಲೆ ದೊಡ್ಡ ತಂತಿ ಹಾಕೋಕೆ ಆಗಲ್ವಾ?”

ನಾಳೆ ಸಾಹೇಬರು ಸಮಾಧಾನವಾಗಿಯೇ ವಿವರಿಸಿದರು. ತಂತಿ ದಪ್ಪವಾದರೆ ಭಾರ. ಜಾಸ್ತಿ ಕರೆಂಟು ಹರಿದರೆ ಕಾಯುತ್ತದೆ, ಕಾದರೆ ಹಿಗ್ಗುತ್ತದೆ, ಹಿಗ್ಗಿದರೆ ಜೋತುಬಿದ್ದು ನೆಲಕ್ಕೆ ಹತ್ತಿರ ಬರುತ್ತದೆ. ಹಳೇ ಟವರು ಆ ಭಾರ ತಡೆಯುವುದಿಲ್ಲ.

“ಹಾಗಿದ್ರೆ ಭಾರ ಇಲ್ಲದ್ದು, ಜೋತುಬೀಳದ್ದು ಹುಡುಕಿ.”

“ನಾಳೆ ನೋಡೋಣ,” ಅಂದರು ಸಾಹೇಬರು. ಸಭೆಯೆಲ್ಲ ನಕ್ಕಿತು.

ಟೇಪಕ್ಕ ನಗಲಿಲ್ಲ. ಭಾರವಿಲ್ಲದ, ಜೋತುಬೀಳದ ತಂತಿಯ ಬಗ್ಗೆ ಅವಳು ಎಲ್ಲಿಯೋ ಓದಿದ್ದಳು. ಮರುದಿನ ಕಚೇರಿಯ ಹಳೆಯ ಕಡತಗಳ ಕೋಣೆಯಲ್ಲಿ ಧೂಳು ಕುಡಿಯುತ್ತ ಕೂತು ಅದನ್ನು ಹುಡುಕಿ ತೆಗೆದಳು. ಮೂರು ವರ್ಷದ ಹಿಂದಿನ ಒಂದೂವರೆ ಪುಟದ ಟಿಪ್ಪಣಿ: ಉಕ್ಕಿನ ಬದಲು ಕಾರ್ಬನ್ ನಾರಿನ ತಿರುಳಿರುವ ತಂತಿ, ತೂಕ ಕಡಿಮೆ, ಕಾದರೂ ಹೆಚ್ಚು ಹಿಗ್ಗದು, ಹಳೆಯ ಟವರಿನ ಮೇಲೆಯೇ ಹೆಚ್ಚುಕಡಿಮೆ ಎರಡರಷ್ಟು ಕರೆಂಟು ಒಯ್ಯಬಲ್ಲದು. ಕೊನೆಯಲ್ಲಿ ಯಾರೋ ಷರಾ ಬರೆದಿದ್ದರು: ತಂತಿ ಸದ್ಯಕ್ಕೆ ಸಿಗುತ್ತಿಲ್ಲ, ಹಳೆಯ ಟವರುಗಳ ಈಗಿನ ಸ್ಥಿತಿಯ ಅಳತೆಯೂ ಇಲ್ಲ. ತಂತಿ ಈಗ ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ಇಲ್ಲದ್ದು ಅಳತೆ. ಅದು ಅವಳ ಕಸುಬು.

ಅನುಮತಿ ಪಡೆದು ಎರಡು ವಾರ, ಬಿಸಿಲು ನೆತ್ತಿಗೇರಿ ತಂತಿ ಅತಿ ಹೆಚ್ಚು ಜೋಲುವ ಹೊತ್ತಿಗೇ ಹೋಗಿ, ಕಾಲುವೆ ದಡದ ಮೂವತ್ತೊಂದು ಟವರುಗಳನ್ನೂ ಅಳೆದಳು. ಪ್ರತಿ ಟವರಿನ ಎತ್ತರ, ಕಾಲಿನ ತುಕ್ಕು, ಎರಡು ಟವರುಗಳ ನಡುವೆ ತಂತಿ ನೆಲಕ್ಕೆ ಎಷ್ಟು ಹತ್ತಿರ, ಎಲ್ಲ. ಎಂಟನೆಯ ದಿನ ತರಕಾರಿ ಜಾಗದ ಹಿಂಭಾಗಕ್ಕೆ ಬಂದಾಗ ಅತ್ತೆ ಬಳ್ಳಿಗೆ ನೀರು ಬಿಡುತ್ತಿದ್ದರು, ಮಗ ಪಕ್ಕದಲ್ಲಿದ್ದ. ಸೊಸೆ ಹತ್ತು ಹೆಜ್ಜೆ ದೂರ, ಬೆವರಿನಲ್ಲಿ ತೊಯ್ದು ನಿಂತಿದ್ದಳು. ಕಂಡಕ್ಟರಮ್ಮ ಮಗನ ಕಡೆ ತಿರುಗಿದರು.

“ಇಲಾಖೆಯವರಿಗೆ ಕುಡಿಯೋಕೆ ನೀರು ಕೊಟ್ರೆ ತಪ್ಪಾಗುತ್ತಾ, ಕೇಳು.”

“ತಪ್ಪಾಗಲ್ಲ ಅಂತ ಹೇಳಿ,” ಅಂದಳು ಟೇಪಕ್ಕ ಗಂಡನಿಗೆ.

“ತಪ್ಪಾಗಲ್ವಂತೆ,” ಅಂದ ಬೇಕರಿಯವನು ತಾಯಿಗೆ. ತಂಬಿಗೆ ಕೈಯಿಂದ ಕೈಗೆ ಹೋಯಿತು. ಮೂವರೂ ನಗು ತಡೆದುಕೊಂಡರು, ಆದರೆ ಕರಾರು ಮುರಿಯಲಿಲ್ಲ.

ಮೂವತ್ತೊಂದರಲ್ಲಿ ಇಪ್ಪತ್ತೇಳು ಟವರು ಗಟ್ಟಿ. ಮೂರಕ್ಕೆ ಸಣ್ಣ ರಿಪೇರಿ. ಒಂದಕ್ಕೆ ಮಾತ್ರ ಕಾಲುವೆಯ ನೀರು ತಳ ತಿಂದಿತ್ತು, ಹೊಸ ಬುನಾದಿ ಬೇಕು. ಟೇಪಕ್ಕ ಅಂಕಿಗಳನ್ನು ಬರೆದು, ಮೊದಲ ಸಾಲಿನಲ್ಲೇ ‘ಈ ಜಾಗದಲ್ಲಿ ನನ್ನ ಅತ್ತೆಯ ಜಮೀನು ಇದೆ’ ಎಂದು ನಮೂದಿಸಿ, ಕಡತವನ್ನು ಸಾಹೇಬರ ಮುಂದಿಟ್ಟಳು.

“ನಾಳೆ ನೋಡೋಣ,” ಅಂದರು.

“ಸರಿ ಸರ್. ನಾಳೆ ಎಷ್ಟು ಗಂಟೆಗೆ?”

ಸಾಹೇಬರು ತಲೆಯೆತ್ತಿ ನೋಡಿದರು. ಇಷ್ಟು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. “ಹನ್ನೊಂದಕ್ಕೆ,” ಎಂದುಬಿಟ್ಟರು. ಮರುದಿನ ಹನ್ನೊಂದಕ್ಕೆ ಅವಳು ಕುರ್ಚಿಯಲ್ಲಿದ್ದಳು. ಓದುತ್ತ ಓದುತ್ತ ಸಾಹೇಬರ ಹುಬ್ಬು ಮೇಲೇರಿತು. ವಿನ್ಯಾಸ ವಿಭಾಗದವರು ನಾಲ್ಕು ತಿಂಗಳು ಲೆಕ್ಕ ಹಾಕಿದರು, ಪರೀಕ್ಷೆ ಮಾಡಿದರು, ಟೇಪಕ್ಕನನ್ನು ಹತ್ತು ಸಲ ಕರೆದು ಅಡ್ಡಪ್ರಶ್ನೆ ಹಾಕಿದರು. ಕೊನೆಗೆ ಆದೇಶ ಬಂತು: ಗುಡ್ಡದಿಂದ ಐವತ್ತೈದು ಕಿಲೋಮೀಟರ್ ಹೊಸ ಟವರು, ಅಲ್ಲಿಂದ ಮುಂದೆ ಒಂಬತ್ತು ಕಿಲೋಮೀಟರ್ ಹಳೆಯ ಟವರು, ಹೊಸ ತಂತಿ. ನೂರ ಎಪ್ಪತ್ತೊಂದನೇ ಟವರು ಕಾಗದದಲ್ಲೇ ಉಳಿಯಿತು.

ಆದರೂ ಕುಂಬಳಕಾಯಿ ಪೂರ್ತಿ ಬಚಾವಾಗಲಿಲ್ಲ. ತಳ ಸವೆದ ಆ ಒಂದು ಟವರು ತರಕಾರಿ ಜಾಗದ ನೇರ ಹಿಂದೆಯೇ ಇತ್ತು. ಬುನಾದಿಗೆ ಕಬ್ಬಿಣ, ಕಾಂಕ್ರೀಟು, ತಂತಿಯ ದೊಡ್ಡ ಉರುಳೆಗಳು ಎಲ್ಲ ಬರಬೇಕಾದದ್ದು ನಾಲ್ಕನೆಯ ಪಟ್ಟಿಯ ಮೇಲೆ ಹಾದು, ಮೂರು ವಾರ. ಇಲಾಖೆಯವರು ಒಪ್ಪಿಗೆ ಪತ್ರ ತಂದರು. ಕಂಡಕ್ಟರಮ್ಮ ಕಾಯಿಗಳನ್ನೆಲ್ಲ ಕಿತ್ತು ಬೀದಿಗೆ ಹಂಚಿ, ಪತ್ರಕ್ಕೆ ಸಹಿ ಹಾಕಿದರು. “ಬೀಜ ಇಟ್ಕೊಂಡಿದೀನಿ,” ಎಂದಷ್ಟೇ ಹೇಳಿದರು.

ಮೊದಲ ಉರುಳೆ ಹೊತ್ತ ಲಾರಿ ಬಂದದ್ದು ಒಂದು ಬೆಳಿಗ್ಗೆ. ಓಣಿ ಕಿರಿದು, ಲಾರಿ ಹಿಂದುಹಿಂದಾಗಿಯೇ ಒಳಗೆ ಹೋಗಬೇಕು. ಡ್ರೈವರ್ ಎರಡು ಸಲ ಪ್ರಯತ್ನಿಸಿ ಬಣ್ಣದ ಮೇಸ್ತ್ರಿಯ ಕಾಂಪೌಂಡಿಗೆ ಗೆರೆ ಎಳೆದ. ನಾಲ್ಕು ಜನ ನಾಲ್ಕು ಕಡೆಯಿಂದ ಕೈಬೀಸಿ ನಾಲ್ಕು ಥರ ಹೇಳುತ್ತಿದ್ದರು. ಡ್ರೈವರ್ ಎಂಜಿನ್ ಆರಿಸಿ ಹಣೆ ಹಿಡಿದು ಕೂತ. ಆಗ ಕಂಡಕ್ಟರಮ್ಮ ಚಪ್ಪಲಿ ಮೆಟ್ಟಿ ಹೊರಗೆ ಬಂದರು.

“ಎಲ್ಲ ಪಕ್ಕಕ್ಕೆ ಬನ್ನಿ. ಡ್ರೈವರ್ ಸಾಹೇಬ್ರೇ, ಬೇರೆ ಯಾರ ಮಾತೂ ಕೇಳಬೇಡಿ. ಬಲಗಡೆ ಕನ್ನಡೀಲಿ ನಾನು ಕಾಣಿಸ್ತಿದೀನಾ? ಸರಿ. ಬರ್ಲಿ.”

ಅವರು ಲಾರಿಯ ಹಿಂಬದಿಗೆ ಎರಡು ಸಲ ಅಂಗೈಯಿಂದ ತಟ್ಟಿದರು. ಲಾರಿ ಕದಲಿತು. “ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಬರ್ಲಿ. ಹೋಲ್ಡಾನ್.” ಒಂದು ಗೇಣು ಮುಂದೆ, ಮತ್ತೆ ಹಿಂದೆ. ಗೋಡೆಗೂ ಲಾರಿಗೂ ನಡುವೆ ನಾಲ್ಕು ಬೆರಳು ಜಾಗ. ಟೇಪಕ್ಕ ಓಣಿಯ ಕೊನೆಯಲ್ಲಿ ಕಚೇರಿಯ ಹೆಲ್ಮೆಟ್ ಹಾಕಿಕೊಂಡು ನಿಂತು ನೋಡುತ್ತಿದ್ದಳು. ಅತ್ತೆ ಬಸ್ಸಿನಲ್ಲಿ ಕೆಲಸ ಮಾಡುವುದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಮದುವೆಗೆ ಮೊದಲೇ ಅವರು ನಿವೃತ್ತರಾಗಿದ್ದರು. ಅರವತ್ತೇಳು ವರ್ಷದ ಹೆಂಗಸು ಒಂದು ಕೈ ಎತ್ತಿ ಹಿಂದುಹಿಂದಕ್ಕೆ ನಡೆಯುತ್ತ, ಆನೆಯಂಥ ಲಾರಿಯನ್ನು ಕರುವಿನ ಹಾಗೆ ಕರೆದುಕೊಂಡು ಬರುತ್ತಿದ್ದರು. ಟೇಪಕ್ಕನಿಗೆ ಎದೆ ತುಂಬಿಬಂತು. ಚಪ್ಪಾಳೆ ತಟ್ಟಿದರೆ ಇಲಾಖೆಯ ಘನತೆಗೆ ಕುಂದೇನೋ ಎಂದು ಕೈ ಕಟ್ಟಿಕೊಂಡಳು.

ಅಂದಿನಿಂದ ಮೂರು ವಾರ ಒಂದೊಂದು ಲಾರಿಯೂ ಕಂಡಕ್ಟರಮ್ಮ ಬರುವ ತನಕ ಓಣಿಯ ಬಾಯಲ್ಲಿ ಕಾಯುತ್ತಿತ್ತು.

ತಂತಿ ಬದಲಾಯಿಸಿದ್ದು ಒಂದು ಬದಿ ಮುಗಿಸಿ ಇನ್ನೊಂದು ಬದಿ, ಪಟ್ಟಣಕ್ಕೆ ಕರೆಂಟು ತಪ್ಪದ ಹಾಗೆ. ಹಳೆಯ ತಂತಿಯ ತುದಿಗೆ ಹೊಸ ತಂತಿ ಕಟ್ಟಿ ಎಳೆದರೆ, ಹಳೆಯದು ಹೋಗುತ್ತ ಹೊಸದನ್ನು ತಾನೇ ಜಾಗಕ್ಕೆ ತಂದು ಕೂರಿಸುತ್ತಿತ್ತು. ಎಲ್ಲ ಮುಗಿದು ಮಾರ್ಗಕ್ಕೆ ಕರೆಂಟು ಬಿಟ್ಟ ದಿನ ವಿಶೇಷವೇನೂ ಕಾಣಲಿಲ್ಲ. ದೀಪಗಳು ಹಿಂದಿನ ಹಾಗೆಯೇ ಉರಿದವು. ಬಣ್ಣದ ಮೇಸ್ತ್ರಿ ಮೇಲೆ ನೋಡಿ, “ಇಷ್ಟಕ್ಕೇನಾ?” ಅಂದ. ಆದರೆ ಗಾಳಿಗಾಲ ಬಂದಾಗ ಗುಡ್ಡದ ಮೆಕ್ಯಾನಿಕ್ ಟೇಪಕ್ಕನಿಗೆ ಫೋನ್ ಮಾಡಿದ. ಅವನ ದನಿಗಿಂತ ಹಿಂದಿನ ಗಾಳಿಯ ಸದ್ದೇ ಜೋರಾಗಿತ್ತು. “ನಲವತ್ತಕ್ಕೆ ನಲವತ್ತೂ ತಿರುಗ್ತಿದಾವೆ ಅಕ್ಕಾ. ನಿನ್ನೆ ಒಂದೇ ಒಂದು ಸಲ ನಿಲ್ಲಿಸಿ ಅಂದ್ರು, ಅದೂ ಅರ್ಧ ಗಂಟೆ. ನನಗೀಗ ಕೆಲಸ ಜಾಸ್ತಿಯಾಗಿದೆ, ಅದಕ್ಕೆ ನೀವೇ ಕಾರಣ.”

ಕಾಲುವೆ ದಡದ ಸುದ್ದಿ ಸುಮ್ಮನಿರಲಿಲ್ಲ. ಮುಂದಿನ ವರ್ಷ ದಕ್ಷಿಣದ ಬಯಲಿನ ಸೌರಫಲಕಗಳಿಂದ ಇನ್ನೊಂದು ಮಾರ್ಗ ಹೊರಟಿತು. ಅದರ ಅಳತೆಯೂ ಟೇಪಕ್ಕನ ಪಾಲಿಗೆ ಬಂತು. ಆ ಕಡೆಯ ಮೂವರು ಹೆಂಗಸರು ಒಂದು ಭಾನುವಾರ ಬೀದಿ ಹುಡುಕಿಕೊಂಡು ಬಂದು ಕಂಡಕ್ಟರಮ್ಮನ ಮುಂದೆ ಕೂತರು. ಸಭೆಯಲ್ಲಿ ಹೇಗೆ ಕೇಳಬೇಕು, ಏನು ಕೇಳಬೇಕು, ನೀವು ಬಂದು ನಮ್ಮ ಪರ ಮಾತಾಡಬೇಕು ಎಂದರು. ಟೇಪಕ್ಕ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೇಳಿಸಿಕೊಂಡರೆ ತಪ್ಪಾದೀತು.

ಸಭೆಯ ಬೆಳಿಗ್ಗೆ ಕಚೇರಿಯ ಜೀಪು ಟೇಪಕ್ಕನಿಗಾಗಿ ಬಾಗಿಲಲ್ಲಿ ನಿಂತಿತ್ತು. ಕಂಡಕ್ಟರಮ್ಮ ಅದೇ ಸಭೆಗೆ ಬಸ್ಸಿನಲ್ಲಿ ಹೊರಟಿದ್ದರು. ಜೀಪಿನಲ್ಲಿ ಬನ್ನಿ ಎಂದು ಡ್ರೈವರ್ ಕರೆದರೂ ಒಪ್ಪಲಿಲ್ಲ. ಬೇಕರಿಯವನು ಬಿಸಿ ರೊಟ್ಟಿಯ ಎರಡು ಪೊಟ್ಟಣ ಕಟ್ಟಿ, ಒಂದನ್ನು ಹೆಂಡತಿಗೂ ಇನ್ನೊಂದನ್ನು ತಾಯಿಗೂ ಕೊಟ್ಟ.

“ನಿನ್ನದರಲ್ಲಿ ಬೆಣ್ಣೆ ಜಾಸ್ತಿ ಹಾಕಿದಾನಾ ನೋಡು,” ಅಂದರು ಕಂಡಕ್ಟರಮ್ಮ.

ಟೇಪಕ್ಕ ಎರಡನ್ನೂ ಬಿಚ್ಚಿ ನೋಡಿದಳು. ಸಮ ಇತ್ತು. ಅತ್ತೆ ತಲೆಯಾಡಿಸಿ, ಚೀಲವನ್ನು ಹೆಗಲಿಗೇರಿಸಿ, ಬಸ್ ನಿಲ್ದಾಣದ ಕಡೆ ಬಿರಬಿರನೆ ನಡೆದರು.